ಪಟ್ಟಿಯಲ್ಲೊಂದು ಹೆಸರು

ಯಾರಿಗೆ ಯಾವ ಕೆಲಸ ಬರುತ್ತದೆ, ಯಾರ ಮನೆಯಲ್ಲಿ ಯಾವ ಸಲಕರಣೆಯಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಮೇಲುನೋಟಕ್ಕೆ ನಿರಪಾಯವಾದ ಕೆಲಸ. ಪಂಚಾಂಗದ ಕೊನೆಯ ಪುಟಗಳಲ್ಲಿ ಜಾತ್ರೆಗಳ ಪಟ್ಟಿಯಿರುವಂತೆ ಇದೂ ಒಂದು ಪಟ್ಟಿ. ಬೇಕಾದವರು ನೋಡಿಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ. ಇದರಲ್ಲಿ ಧರ್ಮಾಧರ್ಮದ ಮಾತು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯಾರು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಗಲ್ಲಿಗಳಲ್ಲಿ ಕೆಲವು ತಿಂಗಳು ಇಂಥದೇ ಒಂದು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಿರುಗಿದ ಮೇಲೆ ನನಗೆ ಹಾಗೆನ್ನಿಸುವುದಿಲ್ಲ. ಪಟ್ಟಿ ಬರೆಯುವವನು ಪ್ರತಿ ಸಾಲಿಗೂ ಒಂದು ನ್ಯಾಯ ತೀರ್ಮಾನ ಮಾಡುತ್ತಾ ಹೋಗುತ್ತಾನೆ. ಅವನಿಗೆ ಅದು ತಿಳಿದಿರುವುದಿಲ್ಲ, ಅಷ್ಟೆ.

ವಿಷಯವನ್ನು ಮೊದಲಿಂದ ಹೇಳಬೇಕು. ಸಣ್ಣ ಪ್ರಮಾಣದಲ್ಲಿ ವಸ್ತುಗಳನ್ನು ತಯಾರಿಸುವ ಒಂದು ಹೊಸ ಬಗೆಯ ಜನವರ್ಗ ಲೋಕದಲ್ಲಿ ಬೆಳೆದಿದೆ. ಇವರ ಮೂಲಸೂತ್ರ ಬಹಳ ಸರಳ: ಒಬ್ಬ ಕಂಡುಹಿಡಿದ ಯಂತ್ರದ ನಕ್ಷೆ, ಅಳತೆ, ಮಾಡುವ ಕ್ರಮ, ಇವು ಎಲ್ಲರಿಗೂ ತೆರೆದಿರಬೇಕು. ಯಾರು ಬೇಕಾದರೂ ನೋಡಬಹುದು, ಮಾಡಬಹುದು, ತಿದ್ದಬಹುದು. ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕೊಡಬೇಕು. ಓಪನ್ ಸೋರ್ಸ್ ಎಂದು ಇದಕ್ಕೆ ಹೆಸರು. ಕಂಪ್ಯೂಟರಿನ ಲೋಕದಲ್ಲಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಹಿಡಿದ ಹಟ ಈಗ ಕಬ್ಬಿಣ ಮರಗಳ ಲೋಕಕ್ಕೂ ಇಳಿದಿದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದಲ್ಲಿ ಏಡ್ರಿಯನ್ ಬೋಯರ್ ಎಂಬವರು 2005ರಲ್ಲಿ ಒಂದು ಯಂತ್ರದ ಕೆಲಸ ಹಿಡಿದರು. ಅದು ಪ್ಲಾಸ್ಟಿಕ್ಕನ್ನು ಎಳೆ ಎಳೆಯಾಗಿ ಸುರಿದು ವಸ್ತು ಕಟ್ಟುವ ಯಂತ್ರ, ತನ್ನ ಭಾಗಗಳಲ್ಲಿ ಅನೇಕವನ್ನು ತಾನೇ ತಯಾರಿಸಿಕೊಳ್ಳಬಲ್ಲುದು. ಅದರ ನಕ್ಷೆಯನ್ನು ಅವರು ಬಿಟ್ಟಿಯಾಗಿ ಹಂಚಿಬಿಟ್ಟರು. ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ. ಪುಣೆಯ ಹತ್ತಿರದ ಪಾಬಳ ಎಂಬ ಹಳ್ಳಿಯ ವಿಜ್ಞಾನಾಶ್ರಮದಲ್ಲಿ, ಅಮೆರಿಕದ ಎಂ.ಐ.ಟಿ.ಯ ಹೊರಗೆ ಏರ್ಪಟ್ಟ ಮೊದಮೊದಲ ಫ್ಯಾಬ್ ಲ್ಯಾಬ್ 2002ರಲ್ಲೇ ಶುರುವಾಯಿತು. ಹಳ್ಳಿಯ ಹುಡುಗರು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ಕಾರ್ಯಶಾಲೆ ಅದು.

ಕೇಳುವುದಕ್ಕೆ ಇದು ಹೊಸದಾಗಿ ಕಂಡರೂ ವಿಚಾರ ಅಷ್ಟು ಹೊಸದಲ್ಲ. 1929ರಲ್ಲಿ ಅಖಿಲ ಭಾರತ ಚರಖಾ ಸಂಘ, ಗಾಂಧೀಜಿಯ ಪ್ರೇರಣೆಯಿಂದ, ಉತ್ತಮವಾದ ಒಂದು ನೂಲುವ ಯಂತ್ರಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಆ ಕಾಲದ ಒಂದು ಲಕ್ಷ! ಬೆಲೆ 150 ರೂಪಾಯಿಗೆ ಮೀರಬಾರದು, ಹೆಂಗಸೊಬ್ಬಳು ಎಂಟು ಗಂಟೆ ಹೆಚ್ಚು ಆಯಾಸವಿಲ್ಲದೆ ನಡೆಸುವಂತಿರಬೇಕು, ಇಪ್ಪತ್ತು ವರ್ಷ ಬಾಳಬೇಕು ಎಂದು ಮುಂತಾಗಿ ನಿಬಂಧನೆಗಳಿದ್ದುವು. ನಮ್ಮ ಮಾತಿಗೆ ಬೇಕಾದ ನಿಬಂಧನೆ ಇನ್ನೊಂದು: ಯಂತ್ರದ ಹಕ್ಕನ್ನು ಸ್ಪರ್ಧಿ ಸಂಘಕ್ಕೆ ಬಿಟ್ಟುಕೊಡಬೇಕು. ಕಂಡುಹಿಡಿದವನಿಗೆ ಒಂದೇ ಸಲ ಕೈತುಂಬ ಕೊಟ್ಟು, ವಿದ್ಯೆಯನ್ನು ದೇಶದ ಪಾಲಿಗೆ ಬಿಡಿಸಿಕೊಳ್ಳುವ ಆಲೋಚನೆ. ಬಹುಮಾನ ಯಾರಿಗೂ ಸಲ್ಲಲಿಲ್ಲವೆಂಬುದು ಬೇರೆ ಮಾತು. ಗಾಂಧೀಜಿ ಬಂದು ಹೋದ, ಖಾದಿಯ ಹೆಸರಿಂದಲೇ ಹೊರಗಿನವರಿಗೆ ಪರಿಚಯವಾದ ಬದನವಾಳು ನಂಜನಗೂಡು ತಾಲ್ಲೂಕಿನದೇ ಆದ್ದರಿಂದ, ಇದು ನಮಗೆ ಕಡಲಾಚೆಯ ಕಥೆಯಲ್ಲ.

ಆದರೆ ನಕ್ಷೆ ತೆರೆದಿದ್ದ ಮಾತ್ರಕ್ಕೆ ವಸ್ತು ಕೈಗೆ ಬರುವುದಿಲ್ಲ. ಹೋಳಿಗೆ ಮಾಡುವ ವಿಧಾನವನ್ನು ಗೋಡೆಯ ಮೇಲೆ ಬರೆದಿಟ್ಟರೆ ಹೊಟ್ಟೆ ತುಂಬುತ್ತದೆಯೆ? ಒಲೆ ಬೇಕು, ಕಾವಲಿ ಬೇಕು, ಕಣಕದ ಹದ ತಿಳಿದ ಕೈ ಬೇಕು. ತೆರೆದ ನಕ್ಷೆಯ ಜನಕ್ಕೂ ಇದು ಬೇಗ ಮನವರಿಕೆಯಾಯಿತು. ‘ಹೇಗೆ ಮಾಡುವುದು’ ಎಂಬುದರ ಜೊತೆಗೆ ‘ಎಲ್ಲಿ, ಯಾರಿಂದ ಮಾಡಿಸುವುದು’ ಎಂಬುದನ್ನೂ ಬರೆದಿಡಬೇಕೆಂದು ಅವರಲ್ಲಿ ಕೆಲವರು ಹೊರಟರು. ಮೊದಲನೆಯದಕ್ಕೆ ಓಪನ್ ನೋ-ಹೌ, ಎರಡನೆಯದಕ್ಕೆ ಓಪನ್ ನೋ-ವೇರ್ ಎಂದು ಎರಡು ಒಪ್ಪಿತ ಮಾದರಿಗಳನ್ನೇ ಸಿದ್ಧಪಡಿಸಿದ್ದಾರೆ. ಊರೂರಿನ ಕಾರ್ಯಶಾಲೆಗಳು, ಅಲ್ಲಿರುವ ಲೇತು, ಡ್ರಿಲ್ಲು, ತ್ರೀ-ಡಿ ಪ್ರಿಂಟರು, ಅಲ್ಲಿ ದುಡಿಯುವ ಜನ, ಇವಿಷ್ಟೂ ಒಂದೇ ಕ್ರಮದಲ್ಲಿ ದಾಖಲಾದರೆ, ಎಲ್ಲೋ ಕುಳಿತವನು ತನಗೆ ಬೇಕಾದ್ದು ಹತ್ತಿರದಲ್ಲಿ ಎಲ್ಲಿ ಸಿಕ್ಕೀತೆಂದು ನೋಡಿಕೊಳ್ಳಬಹುದು.

ಇದರ ಪ್ರಯೋಜನ ನಮ್ಮ ಕಣ್ಣೆದುರಿಗೇ ಸಾಬೀತಾಗಿದೆ. 2020ರಲ್ಲಿ ಕೊರೋನ ಬಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ವೈದ್ಯರಿಗೂ ದಾದಿಯರಿಗೂ ಮುಖ ಮುಚ್ಚಿಕೊಳ್ಳುವ ಗುರಾಣಿಗೆ ಬರ. ದೊಡ್ಡ ಕಾರ್ಖಾನೆಗಳು ನಿಂತಿದ್ದುವು, ಲಾರಿ ಓಡುತ್ತಿರಲಿಲ್ಲ. ಮುಂಬಯಿಯ ಮೇಕರ್ಸ್ ಅಸೈಲಮ್ ಎಂಬ ತಂಡದವರು ಒಂದು ಸುಲಭ ಮಾದರಿಯನ್ನು ಸಿದ್ಧಪಡಿಸಿ ನಕ್ಷೆಯನ್ನು ಹಂಚಿದರು. 42 ಊರುಗಳಲ್ಲಿ ಯಾರ ಬಳಿ ಯಾವ ಯಂತ್ರವಿದೆಯೋ ಅವರು ಅಲ್ಲಲ್ಲೇ ಮಾಡಿದರು. 49 ದಿನಗಳಲ್ಲಿ ಹತ್ತು ಲಕ್ಷ ಮುಖಗುರಾಣಿಗಳಾದುವು. ಒಂದು ಊರಿನಲ್ಲಿ ತಯಾರಿಸಿ ಇನ್ನೊಂದಕ್ಕೆ ಸಾಗಿಸುವುದರ ಬದಲು, ಊರೂರಿನ ಕೈಗಳನ್ನು ಹುಡುಕಿದ್ದರ ಫಲ ಅದು. ಯಾರು ಎಲ್ಲಿದ್ದಾರೆಂಬುದು ಗೊತ್ತಿಲ್ಲದಿದ್ದರೆ ಆಗುತ್ತಿರಲಿಲ್ಲ.

ಇದನ್ನೆಲ್ಲ ಓದಿ ಉತ್ಸಾಹಗೊಂಡ ಮೈಸೂರಿನ ಕೆಲವು ಎಂಜಿನಿಯರಿಂಗ್ ಹುಡುಗರು, ನಮ್ಮ ಎರಡು ತಾಲ್ಲೂಕುಗಳ ಪಟ್ಟಿಯೊಂದನ್ನು ಮಾಡೋಣವೆಂದು ನನ್ನನ್ನೂ ಎಳೆದುಕೊಂಡರು. ಅವರಿಗೆ ಯಂತ್ರಗಳ ಹೆಸರು ಗೊತ್ತು, ನನಗೆ ಜನಗಳೊಡನೆ ಕೂತು ಮಾತಾಡಲು ಬಿಡುವಿತ್ತು. ಪುಸ್ತಕದಲ್ಲಿ ಐದು ಅಂಕಣ ಗೆರೆ ಎಳೆದುಕೊಂಡೆವು: ಹೆಸರು, ಊರು, ಸಲಕರಣೆ, ಏನು ಮಾಡಬಲ್ಲರು, ಫೋನು.

ನಂಜನಗೂಡೆಂದರೆ ಪರಸ್ಥಳದವರಿಗೆ ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿ. ಈಚಿನವರಿಗೆ ಕೈಗಾರಿಕಾ ಪ್ರದೇಶದ ದೊಡ್ಡ ಕಾಂಪೌಂಡುಗಳು. ಆ ಕಾಂಪೌಂಡುಗಳ ಒಳಗಿರುವ ಯಂತ್ರಗಳ ಲೆಕ್ಕ ಯಾವ್ಯಾವುದೋ ಕಚೇರಿಗಳಲ್ಲಿ ಅಚ್ಚುಕಟ್ಟಾಗಿ ಇದೆ. ನಾವು ಹುಡುಕಿದ್ದು ಅವನ್ನಲ್ಲ. ಕಬ್ಬಿನ ಗಾಣದ ಉರುಳೆ ಸವೆದಾಗ ಆಲೆಮನೆಯವನು ಎಲ್ಲಿಗೆ ಓಡುತ್ತಾನೆ? ನರಸೀಪುರದ ನಾಲೆಯ ಬಯಲಿನಲ್ಲಿ ಭತ್ತ ಕೊಯ್ಯುವ ಯಂತ್ರ ಕೆಸರಿನಲ್ಲಿ ಮುರಿದು ನಿಂತರೆ, ಕಂಪನಿಯ ಭಾಗ ಬರಲು ಎಂಟು ದಿನವಾಗುತ್ತದೆಂದಾಗ, ಅದೇ ಸಂಜೆಯೊಳಗೆ ಹಳೆಯ ಲಾರಿಯ ಆಕ್ಸಲಿನಿಂದ ಒಂದು ಗೂಟ ಕಡೆದು ಕೊಡುವವನು ಯಾರು? ಹೊಲಿಗೆ ಯಂತ್ರಕ್ಕೆ ಮೋಟರು ಕೂಡಿಸಿಕೊಂಡು ದಪ್ಪ ಚೀಲ ಹೊಲಿಯುವ ಹೆಂಗಸರು ಯಾವ ಬೀದಿಯಲ್ಲಿದ್ದಾರೆ? ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ಕೆಲಸ ಮಾಡಿ ನಿವೃತ್ತರಾದವರಲ್ಲಿ, ಎಳೆ ಹರಿಯುವ ಸದ್ದನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸುವವರು ಯಾರು? ಇವು ಯಾವ ಕಚೇರಿಯ ಲೆಕ್ಕದಲ್ಲೂ ಇಲ್ಲ. ಊರಿಗೆ ಗೊತ್ತು, ಅಷ್ಟೆ. ಪಂಚ ಮಹಾರಥೋತ್ಸವದ ದಿನ ಗೌತಮ ರಥದ ಗಾಲಿಗೆ ತಡೆ ಕೊಡಬಲ್ಲವರು ಯಾರೆಂದು ಹೇಗೆ ಊರಿಗೆ ಬರೆದುಕೊಳ್ಳದೆಯೂ ಗೊತ್ತೋ, ಹಾಗೆ.

ಹಾಗಾದರೆ ಊರಿಗೆ ಗೊತ್ತಿರುವುದನ್ನು ಬರೆದರೆ ತಪ್ಪೇನು? ಮೊದಲನೆಯ ವಾರದಲ್ಲೇ, ನಂಜನಗೂಡಿನ ಒಂದು ಗಲ್ಲಿಯಲ್ಲಿ ವೆಲ್ಡಿಂಗ್ ಅಂಗಡಿಯಿಟ್ಟ ಒಬ್ಬಾತ ಕಪ್ಪು ಕನ್ನಡಕವನ್ನು ಹಣೆಗೇರಿಸಿ ನಮ್ಮ ಪುಸ್ತಕವನ್ನು ನೋಡಿದ. “ಎಲ್ಲಾ ಸರಿ ಸಾರ್, ಇದು ಕೊನೇಗೆ ಯಾರ ಕೈಗೆ ಹೋಗುತ್ತೆ?” ಎಂದ.

ಹುಡುಗರು, ಎಲ್ಲರ ಕೈಗೂ ಹೋಗುತ್ತದೆಂದು ಸಂತೋಷದಿಂದ ಹೇಳಿದರು. ಎಲ್ಲರ ಕೈಗೂ ಎಂದರೆ ಅವರಿಗೆ ಒಳ್ಳೆಯ ಮಾತು. ಆತನಿಗೆ ಅದೇ ಭಯದ ಮಾತು. ಮನೆಯ ಮೀಟರಿನಿಂದಲೇ ಸಣ್ಣ ಯಂತ್ರ ಓಡಿಸುವವನು, ರಸ್ತೆಯ ಕಡೆಗೆ ನಾಲ್ಕು ಅಡಿ ತಗಡು ಇಳಿಸಿಕೊಂಡವನು, ರಶೀತಿಯಿಲ್ಲದೆ ದುಡಿಯುವವನು, ಇಂಥವರಿಗೆ ‘ಎಲ್ಲರೂ’ ಎಂಬುದರಲ್ಲಿ ಮೊದಲು ಕಾಣುವುದು ಕಾಗದ ಹಿಡಿದು ಬರುವ ಅಧಿಕಾರಿ. ಕಾನೂನು ಮೀರುವವನ ಪರವಾಗಿ ವಾದಿಸಬೇಡಿ ಎಂದು ಯಾರಾದರೂ ಹೇಳಬಹುದು. ವಾದಿಸುತ್ತಿಲ್ಲ. ಆದರೆ ನಮ್ಮ ಹುಡುಗರು ಸರ್ಕಾರದ ಅಮೀನರಲ್ಲ. ನೆರವಾಗಲು ಬಂದೆವೆಂದು ಹೇಳಿಕೊಂಡು ಒಬ್ಬನ ಅಂಗಳಕ್ಕೆ ಕಾಲಿಟ್ಟ ಮೇಲೆ ಅವನಿಗೆ ಆಗಬಹುದಾದ ಕೇಡಿಗೆ ನಾವು ಹೊಣೆಯಲ್ಲವೆ?

ಆತನ ಭಯಕ್ಕೆ ಬೇರು ಬಹಳ ಆಳದಲ್ಲಿದೆ. ಈ ನಾಡಿನಲ್ಲಿ ಸಲಕರಣೆಗಳ ಲೆಕ್ಕ ತೆಗೆದವರು ಸಾಮಾನ್ಯವಾಗಿ ತೆರಿಗೆಗಾಗಿ ತೆಗೆದರು. ವಿಜಯನಗರ ಕಾಲದ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಮಗ್ಗಕ್ಕಿಷ್ಟು, ಗಾಣಕ್ಕಿಷ್ಟು. ಎಷ್ಟು ಮಗ್ಗವಿದೆಯೆಂದು ಎಣಿಸದೆ ಮಗ್ಗದೆರೆ ಹಾಕುವುದು ಹೇಗೆ? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ, ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆಯೆಂದು ನೋಡಿಬರಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿದ. ಆತ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ; ಕಾವೇರಿಯ ತೆಂಕಣ ದಡದ ನಮ್ಮ ಸೀಮೆಯೂ ಅವನ ದಾರಿಯಲ್ಲಿತ್ತು. ನೇಕಾರರು ಯಾವ ಬಟ್ಟೆ ನೇಯುತ್ತಾರೆ, ಕಬ್ಬಿಣ ಕರಗಿಸುವವರು ಎಷ್ಟು ಜನ ಸೇರಿ ಕುಲುಮೆ ನಡೆಸುತ್ತಾರೆ, ಯಾರಿಗೆ ಎಷ್ಟು ಕೂಲಿ, ತಿದಿ ಎಂಥದು, ಇವೆಲ್ಲವನ್ನೂ ದಣಿವಿಲ್ಲದೆ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಕಸುಬುಗಳ ಚರಿತ್ರೆ ಬರೆಯುವವರಿಗೆ ಇಂದು ಅದು ನಿಧಿ. ನಾನೂ ಅದನ್ನು ಋಣಭಾವದಿಂದಲೇ ಓದುತ್ತೇನೆ. ಆದರೆ ಕುಲುಮೆಯ ಮುಂದೆ ಕೂತು ಅವನಿಗೆ ಉತ್ತರ ಹೇಳಿದ ಮನುಷ್ಯನಿಗೆ ಆ ಪುಸ್ತಕದಿಂದ ಏನಾಯಿತು? ಅವನು ಅದನ್ನು ನೋಡಲಿಲ್ಲ. ಅವನ ಮೊಮ್ಮಕ್ಕಳ ಕಾಲಕ್ಕೆ ಕುಲುಮೆ ಆರಿ ಸೀಮೆಯ ಕಬ್ಬಿಣ ಬಂದಿತ್ತು. ಬುಕನನ್ ಅದನ್ನು ತಂದನೆಂದು ನಾನು ಹೇಳುವುದಿಲ್ಲ. ಅವನ ಪುಸ್ತಕ ಕುಲುಮೆಯವನಿಗಾಗಿ ಬರೆದದ್ದಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನು ನಂಜನಗೂಡಿನವರಿಗಂತೂ ಪಟ್ಟಿಯೆಂದರೇನೆಂಬುದನ್ನು ಓದಿ ತಿಳಿಯಬೇಕಾಗಿಲ್ಲ. ಮುಖಗುರಾಣಿಯ ಮಾತು ಹೇಳಿದೆನಲ್ಲ, ಅದೇ 2020ರ ಮಾರ್ಚಿಯ ಕೊನೆಯಲ್ಲಿ ಅಲ್ಲಿಯ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡಿತು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ರತ್ಯೇಕವಾಗಿರಿಸಬೇಕಾಯಿತು. ಮನುಷ್ಯರಿಗೆ ಹೆಸರು ಹೋಗಿ ಅಂಕಿಗಳು ಬಂದುವು. ಪತ್ರಿಕೆಗಳಲ್ಲಿ ಆ ಅಂಕಿಗಳನ್ನೇ ಓದಿದೆವು. ಮನೆಯಲ್ಲೇ ಇರಬೇಕಾದವರ ಮುಂಗೈಗೆ ಮುದ್ರೆ ಒತ್ತುತ್ತಿದ್ದರು. ಪರದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಆ ತಿಂಗಳಲ್ಲೇ ಪ್ರಕಟಿಸಿತ್ತು. ರೋಗ ಹರಡದಂತೆ ತಡೆಯುವುದಕ್ಕೆ ಪಟ್ಟಿ ಬೇಕಾಗಿತ್ತು, ಇದನ್ನು ಅಲ್ಲಗಳೆಯುವವರಾರು? ಆದರೂ ಬೀದಿಯ ಕಣ್ಣಿಗೆ ಅದು ಬೇರೆಯಾಗಿ ಕಂಡಿತು. ಆ ಕಾರ್ಖಾನೆಯ ಸಮವಸ್ತ್ರ ತೊಟ್ಟಿದ್ದ ಒಬ್ಬರು ನನಗೆ ಹೇಳಿದರು: “ಹಾಲಿನವನು ಗೇಟಿನಿಂದಾಚೆ ಪ್ಯಾಕೆಟ್ ಎಸೆದು ಹೋಗೋನು ಸಾರ್. ಸೋಂಕು ನನಗಿರಲಿಲ್ಲ. ಹೆಸರು ಮಾತ್ರ ಪಟ್ಟಿಯಲ್ಲಿತ್ತು.”

ಒಂದೇ ತಿಂಗಳು, ಒಂದೇ ದೇಶ, ಎರಡು ಪಟ್ಟಿ. ಒಂದರಲ್ಲಿ ಹೆಸರಿದ್ದವನು ತನ್ನ ಯಂತ್ರದ ಮುಂದೆ ಕೂತು ಹೆಮ್ಮೆಯಿಂದ ರಾತ್ರಿಯೆಲ್ಲ ದುಡಿದ. ಇನ್ನೊಂದರಲ್ಲಿ ಹೆಸರಿದ್ದವನು ಬಾಗಿಲ ಸಂದಿಯಿಂದ ಬೀದಿ ನೋಡಿದ. ವ್ಯತ್ಯಾಸವೆಲ್ಲಿದೆ? ಒಂದು ಉಪಕಾರಕ್ಕೆ, ಒಂದು ನಿರ್ಬಂಧಕ್ಕೆ ಎಂದು ಹೇಳಿ ಮುಗಿಸುವುದು ಸುಲಭ. ನಾನು ಇನ್ನೊಂದನ್ನು ನೋಡುತ್ತೇನೆ. ಮೊದಲನೆಯ ಪಟ್ಟಿಗೆ ಮನುಷ್ಯ ತಾನೇ ನಡೆದು ಹೋಗಿ ಹೆಸರು ಕೊಟ್ಟಿದ್ದ. ಕೆಲಸ ಮುಗಿದ ಮೇಲೆ ಎದ್ದು ಬರಬಹುದಿತ್ತು. ಎರಡನೆಯದಕ್ಕೆ ಅವನನ್ನು ಬರೆದುಕೊಂಡರು. ಮೊದಲನೆಯದರಲ್ಲಿ ಅವನು ಏನು ಮಾಡಬಲ್ಲನೆಂಬುದು ಬರೆದಿತ್ತು, ಎರಡನೆಯದರಲ್ಲಿ ಅವನು ಏನಾಗಿದ್ದಾನೆಂಬುದು.

ಈ ಎರಡನ್ನೂ ಒಂದೇ ಮಾಡಿಬಿಟ್ಟ ದೊಡ್ಡ ಪಟ್ಟಿಯೊಂದು ನಮ್ಮಲ್ಲಿ ಶತಮಾನಗಳಿಂದ ಇದೆ. ಹಳೆಯ ಹಳ್ಳಿಯ ಆಯಗಾರರ ಏರ್ಪಾಡನ್ನು ಹೊಗಳಿ ಬರೆಯುವವರನ್ನು ಕಂಡಾಗ ನನಗೆ ಇರಿಸುಮುರಿಸಾಗುವುದು ಇದಕ್ಕೇ. ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ತಳವಾರ, ತೋಟಿ, ಹೀಗೆ ಹನ್ನೆರಡು ಮಂದಿ; ಸುಗ್ಗಿಯಲ್ಲಿ ಕಣದಿಂದ ಅವರಿಗೆ ಇಷ್ಟಿಷ್ಟು ಕಾಳು. ಜನ ಮತ್ತು ಸಲಕರಣೆಗಳ ನಕ್ಷೆ ಇದಕ್ಕಿಂತ ಪೂರ್ಣವಾಗಿ ಲೋಕದಲ್ಲಿ ಎಲ್ಲೂ ಇರಲಾರದು. ಯಾರ ಬಳಿ ಅಡಿಗಲ್ಲಿದೆ, ಯಾರ ಬಳಿ ತಿಗುರಿಯಿದೆ ಎಂದು ಮಗುವಿಗೂ ಗೊತ್ತು. ಗೊತ್ತಿರುವುದಕ್ಕೆ ಕಾರಣ, ಅವನು ಅಲ್ಲಿಂದ ಕದಲುವಂತಿರಲಿಲ್ಲ. ತೋಟಿಯ ಮಗ ತೋಟಿ. ನಕ್ಷೆ ಅಷ್ಟು ನಿಖರವಾಗಿದ್ದುದು ನಕ್ಷೆಯೊಳಗಿನವನಿಗೆ ಕಾಲಿಲ್ಲದಂತೆ ಮಾಡಿದ್ದರಿಂದ. ಅದರ ವಿಷ ಇನ್ನೂ ಇಳಿದಿಲ್ಲ. ಖಾದಿಯ ಊರೆಂದೆನಲ್ಲ, ಆ ಬದನವಾಳಿನಲ್ಲೇ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸರಳ ಬದುಕಿನ ಸತ್ಯಾಗ್ರಹಕ್ಕೆ ಆ ಊರನ್ನೇ ಆರಿಸಿಕೊಂಡು ಪಾಳುಬಿದ್ದ ಖಾದಿ ಕೇಂದ್ರದಲ್ಲಿ ಕೂತಾಗ, ದೇಶದ ನಾನಾ ಕಡೆಯಿಂದ ಜನ ಬಂದರು. ಕೈಕೆಲಸದ ಮಾತಾಡುವವರು ಆ ಊರಿಗೆ ಹೋದರೆ ಚರಖದ ಜೊತೆಗೆ ಆ ಮೂವರನ್ನೂ ನೆನೆಯಬೇಕಾಗುತ್ತದೆ.

ನಮ್ಮ ಪುಸ್ತಕದಲ್ಲಿ ಜಾತಿಯ ಅಂಕಣವಿರಲಿಲ್ಲ. ಆದರೆ ಒಂದು ದಿನ ಸಂಜೆ ಪುಟಗಳನ್ನು ತಿರುವುತ್ತಿದ್ದಾಗ ಹುಡುಗರಲ್ಲೊಬ್ಬನು, ಹೆಸರು ಮತ್ತು ಬೀದಿ ಎರಡನ್ನೂ ಒಟ್ಟಿಗೆ ಬರೆದಿರುವುದರಿಂದ ಓದುವವನಿಗೆ ಜಾತಿಯ ಅಂಕಣವೇ ಬೇಡ ಎಂದ. ಜಾಣ ಹುಡುಗ. ಅಂದಿನಿಂದ ಬೀದಿಯ ಹೆಸರನ್ನು ಬಿಟ್ಟು ಊರನ್ನಷ್ಟೇ ಬರೆದೆವು. ಹೆಂಗಸರ ಫೋನ್ ನಂಬರನ್ನೂ ಬಿಟ್ಟೆವು. ಚೀಲ ಹೊಲಿಯುವ ಒಬ್ಬಾಕೆ, “ಯಂತ್ರ ಬರ್ಕೊಳ್ಳಿ ಅಣ್ಣ, ನಂಬರು ಬ್ಯಾಡ. ಕೆಲಸ ಕೇಳೋರು ಒಬ್ಬರಾದ್ರೆ, ಸುಮ್‌ಸುಮ್ನೆ ಮಾಡೋರು ಹತ್ತು ಜನ” ಎಂದಿದ್ದರು. ಹೆಂಗಸರ ಸಂಘದ ಒಂದೇ ನಂಬರನ್ನು ಎಲ್ಲರ ಪರವಾಗಿ ಹಾಕುವುದೆಂದಾಯಿತು.

ಹಾಗಾದರೆ ಪಟ್ಟಿಯೇ ಬೇಡವೆಂದು ನಾನು ಹೇಳುತ್ತಿದ್ದೇನೆಯೆ? ಇಲ್ಲ. ಹೆಸರು ಉಳಿಯುವುದರಲ್ಲಿ ಒಂದು ದೊಡ್ಡ ನ್ಯಾಯವಿದೆ. ಅದನ್ನು ಕಾಣಬೇಕಾದರೆ ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಬೇಕು. 13ನೆಯ ಶತಮಾನದಲ್ಲಿ, ಮೂರನೆಯ ನರಸಿಂಹನ ಕಾಲದಲ್ಲಿ, ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ ಅಲ್ಲಿದೆ, 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ (ಇದೂ ಒಂದು ಪಟ್ಟಿಯೇ!). ಗೋಡೆಯ ವಿಗ್ರಹಗಳ ಪೀಠದಲ್ಲಿ ಬಗ್ಗಿ ನೋಡಿದರೆ ಸಣ್ಣ ಕನ್ನಡ ಅಕ್ಷರಗಳು ಕಾಣುತ್ತವೆ. ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ಚೌಡೆಯ. ಇವು ದೇವರ ಹೆಸರುಗಳಲ್ಲ, ಕಟ್ಟಿಸಿದವರ ಹೆಸರುಗಳೂ ಅಲ್ಲ, ಕೆತ್ತಿದವರವು. ಮಲ್ಲಿತಮ್ಮನ ಹೆಸರಂತೂ ನಲವತ್ತು ವಿಗ್ರಹಗಳಿಗಿಂತ ಹೆಚ್ಚು ಕಡೆ ಇದೆ. ಕಲ್ಲು ಅವನದಲ್ಲ, ಹಣ ಅವನದಲ್ಲ, ದೇವಾಲಯ ಅವನದಲ್ಲ. ಆದರೂ ಇದನ್ನು ಮಾಡಿದ ಕೈ ನನ್ನದು ಎಂದು ಹೇಳಿಕೊಳ್ಳಲು ಅವನಿಗೆ ಅವಕಾಶವಿತ್ತು, ಅಥವಾ ಅವನು ಅವಕಾಶ ಮಾಡಿಕೊಂಡ. ಏಳೂವರೆ ಶತಮಾನದ ಮೇಲೆ ನಾನು ಅವನ ಹೆಸರನ್ನು ಓದುತ್ತೇನೆ. ಕಲ್ಲನ್ನು ಎಳೆದು ತಂದವರ ಹೆಸರುಗಳು ಅಲ್ಲಿಲ್ಲವೆಂಬುದನ್ನೂ ಮರೆಯಬಾರದು. ಸಹಿ ಹಾಕುವ ಭಾಗ್ಯ ಅಂದೂ ಎಲ್ಲರಿಗಿರಲಿಲ್ಲ.

ಅದೇ ನರಸೀಪುರದ ಗುಂಜಾ ನರಸಿಂಹನ ಸ್ಥಳಪುರಾಣದಲ್ಲಿ ಒಬ್ಬ ಅಗಸ ಬರುತ್ತಾನೆ. ಅವನು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೆಳಗೇ ದೇವರು ಇದ್ದನಂತೆ. ಕಾಶಿಗೆ ಹೋಗಬೇಕೆಂದ ಅಗಸನಿಗೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ದೇವರು ಹೇಳಿದನಂತೆ. ಕಥೆ ಹೇಳುವವರು ಕಲ್ಲಿನ ವಿಷಯವನ್ನು ವಿವರವಾಗಿ ಹೇಳುತ್ತಾರೆ, ಗುಲಗಂಜಿಯನ್ನು ದೇವರ ಕೈಯಲ್ಲೇ ತೋರಿಸುತ್ತಾರೆ. ಅವನನ್ನು ಮಾತ್ರ ‘ಒಬ್ಬ ಅಗಸ’ ಎನ್ನುತ್ತಾರೆ. ಸಲಕರಣೆ ದಾಖಲಾಯಿತು, ಮನುಷ್ಯ ಆಗಲಿಲ್ಲ.

ನಮ್ಮ ಪುಸ್ತಕದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಾಲಿಗೆ ಈಗ ಬರುತ್ತೇನೆ. ನರಸೀಪುರದಲ್ಲಿ ಒಂದು ಲೇತಿನ ಅಂಗಡಿ. ಯಜಮಾನರು ಒಳ್ಳೆಯವರು, ನಮಗೆ ಕಾಫಿ ತರಿಸಿದರು, ಯಂತ್ರದ ಉದ್ದ, ವಯಸ್ಸು, ತಂದೆಯವರು ಅದನ್ನು ಕೊಯಮತ್ತೂರಿನಿಂದ ತರಿಸಿದ ಕಥೆ, ಎಲ್ಲವನ್ನೂ ಹೇಳಿದರು. ‘ಏನು ಮಾಡಬಲ್ಲರು’ ಎಂಬ ಅಂಕಣಕ್ಕೆ ಉದ್ದನೆಯ ಪಟ್ಟಿ ಬರೆಸಿದರು: ಗಾಣದ ಉರುಳೆ, ಪಂಪಿನ ದಂಡ, ಟ್ರ್ಯಾಕ್ಟರಿನ ಬುಷ್ಷು. ಹೆಸರಿನ ಜಾಗದಲ್ಲಿ ಅವರ ಹೆಸರನ್ನೇ ಬರೆದೆವು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಹಿಂದೆ ಲೇತು ಓಡುತ್ತಲೇ ಇತ್ತು, ಓಡಿಸುತ್ತಿದ್ದವರು ಬೇರೊಬ್ಬರು. ಇಪ್ಪತ್ತೆರಡು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವರು. ಯಜಮಾನರು ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ಅವರನ್ನು ಕೇಳಿದೆ. ಮುರಿದ ಭಾಗವನ್ನು ನೋಡಿ, ಅದು ಮುರಿಯುವ ಮೊದಲು ಎಷ್ಟು ದಪ್ಪವಿದ್ದಿರಬೇಕೆಂದು ಅವರೇ ಅಂದಾಜು ಮಾಡುತ್ತಾರೆ. ನಕ್ಷೆ ಇಲ್ಲ, ಕಂಪನಿಯ ಪುಸ್ತಕವಿಲ್ಲ. “ಯಂತ್ರ ಅವರದು ಸಾರ್. ಅಳತೆ ನಂದು” ಎಂದರು. ದೂರಿನ ದನಿಯಲ್ಲಿ ಅಲ್ಲ, ಇದ್ದದ್ದನ್ನು ಹೇಳಿದರು.

ಆ ಅಂಕಣದಲ್ಲಿ ನಾವು ಬರೆದದ್ದೆಲ್ಲ ಹಾಗಾದರೆ ಯಾರ ಸಾಮರ್ಥ್ಯ?

ಯಜಮಾನರು ಹಿಂತಿರುಗಿದಾಗ, ಕೆಲಸಗಾರರ ಹೆಸರನ್ನೂ ಬರೆಯಬಹುದೆ ಎಂದು ಕೇಳಿದೆ. ಅವರು ನಕ್ಕರು. ಅವರ ಮಾತಿನಲ್ಲಿ ದುಷ್ಟತನವಿರಲಿಲ್ಲ, ಲೆಕ್ಕವಿತ್ತು. ಕೆಲಸ ಕಲಿಸಿದ್ದು ಅವರ ತಂದೆ, ಹಾಳಾದ ಕಬ್ಬಿಣದ ಖರ್ಚು ಹೊತ್ತದ್ದು ಅವರ ಅಂಗಡಿ. ಹೆಸರು ಹೊರಗೆ ಬಿದ್ದರೆ ನಾಳೆ ಕೈಗಾರಿಕಾ ಪ್ರದೇಶದವರು ಎರಡು ಸಾವಿರ ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಾರೆ. ಆಮೇಲೆ ಈ ಯಂತ್ರ ತುಕ್ಕು ಹಿಡಿಯುತ್ತದೆ, ಆಲೆಮನೆಯವರು ಮೈಸೂರಿಗೆ ಓಡಬೇಕಾಗುತ್ತದೆ. ಯೋಚಿಸಿದರೆ ಸುಳ್ಳಲ್ಲ. ನಮ್ಮ ಪಟ್ಟಿಯ ಉದ್ದೇಶ ಊರಿನ ಶಕ್ತಿ ಊರಿಗೆ ಒದಗಲೆಂಬುದು. ಅದೇ ಪಟ್ಟಿ ಊರಿನ ಶಕ್ತಿಯನ್ನು ಹೊರಗೆ ಸೆಳೆಯುವ ದಾರಿಯೂ ಆದೀತು.

ಹುಡುಗರಲ್ಲಿ ಇದರ ಮೇಲೆ ವಾದವೇ ಆಯಿತು. ಒಬ್ಬನ ಅಭಿಪ್ರಾಯದಲ್ಲಿ ನಾವು ಯಂತ್ರಗಳನ್ನು ಮಾತ್ರ ಬರೆಯಬೇಕು. ಜನಗಳ ಗೊಡವೆ ಬೇಡ. ಅಂಗಡಿ, ಯಂತ್ರ, ವಿಳಾಸ. ಶುದ್ಧವಾದ ಪಟ್ಟಿ. ನನಗೆ ಇದು ಶುದ್ಧವಾಗಿ ಕಾಣಲಿಲ್ಲ. ಯಂತ್ರವನ್ನು ಬರೆದೊಡನೆ ಅದರ ಒಡೆಯನನ್ನು ಬರೆದಹಾಗಾಯಿತು, ಕೈಯನ್ನು ಬಿಟ್ಟಹಾಗಾಯಿತು. ನಕ್ಷೆ ಎಲ್ಲರಿಗೂ ತೆರೆದಿರಲಿ ಎಂದು ಹೊರಟವರು, ಮಾಡುವವನನ್ನು ಮಾತ್ರ ಮುಚ್ಚಿಡುವುದು ಯಾವ ನ್ಯಾಯ? ಇನ್ನೊಬ್ಬನು, ಯಜಮಾನರನ್ನು ಕೇಳುವುದೇ ತಪ್ಪು, ಕೆಲಸಗಾರ ಒಪ್ಪಿದರೆ ಬರೆದುಬಿಡೋಣ ಎಂದ. ನನ್ನ ಮನಸ್ಸು ಇವನ ಕಡೆಗೆ ವಾಲುತ್ತದೆ. ಕಲಿಸಿದವನಿಗೆ ಋಣವುಂಟು, ಆದರೆ ಕಲಿತದ್ದು ಕಲಿತವನದು. ಅದನ್ನು ಕಲಿಸಿದವನು ಗಿರವಿ ಇಟ್ಟುಕೊಳ್ಳುವಂತಿಲ್ಲ. ಇಪ್ಪತ್ತೆರಡು ವರ್ಷ ಕಳೆದ ಮೇಲಂತೂ ಹಾಳಾದ ಕಬ್ಬಿಣದ ಸಾಲ ತೀರಿರಬೇಕು. ಎರಡು ಸಾವಿರ ಹೆಚ್ಚು ಕೊಡುವವನು ಹೊರಗಿದ್ದಾನೆಂದರೆ, ಅದು ಒಳಗೆ ಎರಡು ಸಾವಿರ ಕಡಿಮೆ ಸಿಕ್ಕುತ್ತಿದೆಯೆಂಬ ಮಾತೂ ಹೌದಲ್ಲವೆ?

ಇಷ್ಟನ್ನು ನಿಶ್ಚಯಿಸಿಕೊಂಡು, ಅವರು ಕೆಲಸ ಬಿಟ್ಟು ಮನೆಗೆ ಹೋಗುವ ಹೊತ್ತಿಗೆ ಕಾದಿದ್ದು, ಹೆಸರು ಬರೆಯೋಣವೆ ಎಂದು ಕೇಳಿದೆ. ಅವರು ತಕ್ಷಣ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದರು. ಎರಡು ದಿನ ಬಿಟ್ಟು ಹೋದಾಗ, “ಬ್ಯಾಡ ಸಾರ್” ಎಂದರು. ಮಗಳು ಪಿ.ಯು.ಸಿ. ಎರಡನೆಯ ವರ್ಷ. ಯಜಮಾನರು ಕೇಳಿದಾಗಲೆಲ್ಲ ಮುಂಗಡ ಕೊಡುತ್ತಾರೆ. ದೊಡ್ಡ ಕಾರ್ಖಾನೆ ಸಂಬಳ ಹೆಚ್ಚು ಕೊಡಬಹುದು, ಮುಂಗಡ ಕೊಡುವುದಿಲ್ಲ. ಹೆಸರು ಕಂಡರೆ ಯಜಮಾನರ ಮುಖ ಸಪ್ಪಗಾಗುತ್ತದೆ. ಅದನ್ನು ದಿನವೂ ನೋಡಿಕೊಂಡ ಹಾಗೆ ಕೆಲಸ ಮಾಡುವುದು ಕಷ್ಟ.

ಮಲ್ಲಿತಮ್ಮನ ಕಥೆಯನ್ನು ಅವರಿಗೆ ಹೇಳಿದೆ. ಕೇಳಿ ಸಂತೋಷಪಟ್ಟರು. ಸೋಮನಾಥಪುರಕ್ಕೆ ಎಷ್ಟೋ ಸಲ ಹೋಗಿದ್ದರಂತೆ, ಪೀಠದ ಅಕ್ಷರಗಳನ್ನು ನೋಡಿರಲಿಲ್ಲವಂತೆ. “ಅವನಿಗೆ ದಂಡನಾಯಕರು ಬರ್ಕೋ ಅಂದಿರ್ತಾರೆ, ಸಾರ್” ಎಂದರು.

ಒಪ್ಪಿಗೆಯಿದ್ದರೆ ಸಾಕು, ಎಲ್ಲ ಸರಿಯಾಗುತ್ತದೆಂದು ಇಷ್ಟು ದಿನವೂ ಹುಡುಗರಿಗೆ ಹೇಳುತ್ತಿದ್ದವನು ನಾನು. ಒಪ್ಪಿಗೆ ದೊಡ್ಡ ಮಾತೇ. ಮನುಷ್ಯ ತಾನೇ ಬರೆಸಬೇಕು, ಬೇಡವೆನಿಸಿದಾಗ ಅಳಿಸಬೇಕು, ಯಾರು ಓದುತ್ತಾರೆಂದು ಅವನಿಗೆ ತಿಳಿದಿರಬೇಕು, ಪುಸ್ತಕ ಊರಿನಲ್ಲೇ ಇರಬೇಕು. ಈ ನಾಲ್ಕನ್ನು ಈಗಲೂ ಬಿಡುವುದಿಲ್ಲ. ಆಪತ್ತು ಬಂದಾಗ ಒಪ್ಪಿಗೆ ಕೇಳುತ್ತಾ ಕೂತರೆ ಮುಖಗುರಾಣಿ ಸಿದ್ಧವಾದೀತೆ ಎಂಬ ಆಕ್ಷೇಪವೂ ನನಗೆ ಗೊತ್ತು. ಆಪತ್ತಿನಲ್ಲಿ ನೆರವಿಗೆ ಬರುವುದು ಮೊದಲೇ ನಂಬಿಕೆಯಿದ್ದವರು. ನಂಬಿಕೆ ಕೆಡಿಸಿ ಮಾಡಿದ ಸಾವಿರ ಹೆಸರಿನ ಪಟ್ಟಿಗಿಂತ ತಾವಾಗಿ ಬಂದ ಐವತ್ತು ಹೆಸರು ಆ ದಿನಕ್ಕೆ ಹೆಚ್ಚು ಒದಗುತ್ತದೆ. ಆದರೆ ಮುಂಗಡಕ್ಕೆ ಕಟ್ಟುಬಿದ್ದವನ ‘ಬೇಡ’ ಎಂಬುದು ಎಷ್ಟರಮಟ್ಟಿಗೆ ಅವನ ಸ್ವಂತ ಮಾತು? ಅದನ್ನು ಅವನದಲ್ಲವೆಂದು ತಳ್ಳಿಹಾಕಿ ನಾನು ಹೆಸರು ಬರೆದರೆ ಬುಕನನ್‌ನಿಗೂ ನನಗೂ ವ್ಯತ್ಯಾಸವೇನು? ಅವನದೇ ಎಂದು ಒಪ್ಪಿ ಸುಮ್ಮನಾದರೆ, ಇಪ್ಪತ್ತೆರಡು ವರ್ಷದ ಅಳತೆಯೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಲೋಕಕ್ಕೆ ಹೋಗುತ್ತದೆ.

ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಮುನ್ನ ಆ ಸಾಲನ್ನು ಬೇರೆಯಾಗಿ ಬರೆದೆವು. ಯಂತ್ರದ ಒಡೆಯರು ಎಂಬ ಹೊಸ ಅಂಕಣ ಮಾಡಿ ಅಲ್ಲಿ ಯಜಮಾನರ ಹೆಸರನ್ನು ಹಾಕಿದೆವು. ಕೆಲಸ ಬಲ್ಲವರು ಎಂಬ ಅಂಕಣವನ್ನು ಖಾಲಿ ಬಿಟ್ಟೆವು. ಯಜಮಾನರು ಅದನ್ನು ನೋಡಿ, ಅಲ್ಲಿಯೂ ತಮ್ಮ ಹೆಸರನ್ನೇ ಹಾಕಿ, ಖಾಲಿಯಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದರು. ಹಾಕಲಿಲ್ಲ. ಎರಡು ತಾಲ್ಲೂಕುಗಳ ಪಟ್ಟಿಯಲ್ಲಿ ಈಗ ಅಂಥ ಖಾಲಿ ಜಾಗಗಳು ಹದಿನೇಳು ಇವೆ.